ಫ್ರಾಂಚೈಸಿ ಅಂಗಡಿ ಕೊಳ್ಳುವಾಗ ಕರಾರು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ

ಶಿರಸಿಯಲ್ಲೋ ಕಾರವಾರದಲ್ಲೋ ನಡೆಯುತ್ತಿರುವ ಒಂದು ಫ್ರಾಂಚೈಸಿ ಅಂಗಡಿ (ಕಂಪನಿಯೊಂದರ ಜೊತೆ ಕರಾರು ಮಾಡಿಕೊಂಡು ಅದರ ಹೆಸರಲ್ಲಿ ನಡೆಸುವ ಅಂಗಡಿ) ಕೊಳ್ಳಲು ಹೊರಟಿದ್ದೀರಿ ಅಂದುಕೊಳ್ಳಿ. ಐಸ್‌ಕ್ರೀಂ, ಕೊರಿಯರ್, ಬಟ್ಟೆ, ಯಾವುದಾದರೂ ಸರಿ. ಮಾರುವವರು "ಕರಾರು ಇನ್ನೂ ಮೂರು ವರ್ಷ ಇದೆ, ಅದೂ ನಿಮಗೇ ಬರ್ತದೆ" ಅನ್ನುತ್ತಾರೆ. ತಾನಾಗಿ ಬರುವುದಿಲ್ಲ. ಅಂಗಡಿ ಅವರದ್ದು, ಬೋರ್ಡಿನ ಮೇಲಿನ ಹೆಸರು ಕಂಪನಿಯದ್ದು. ಕಂಪನಿ ಬರೆದು ಒಪ್ಪದೆ ಬೇರೆಯವರಿಗೆ ವಹಿಸುವಂತಿಲ್ಲ ಎಂಬ ಷರತ್ತು ಹೆಚ್ಚಿನ ಫ್ರಾಂಚೈಸಿ ಕರಾರುಗಳಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ, ಮುಖ್ಯ ಆಧಾರ 1872ರ ಕರಾರು ಕಾಯ್ದೆ, ಹಾಗಾಗಿ ಕಾಗದದ ಮೇಲೆ ಏನಿದೆ ಅನ್ನೋದೇ ಮುಖ್ಯ.

ಮೊದಲು ಕರಾರಿನ ಪೂರ್ತಿ ಪ್ರತಿ ಕೇಳಿ ಓದಿ, ಅನುಬಂಧಗಳನ್ನೂ ಸೇರಿಸಿ. ವರ್ಗಾವಣೆ ಶುಲ್ಕ ಎಷ್ಟು, ಅದನ್ನು ಕೊಡುವವರು ಯಾರು, ಅಂಗಡಿ ಕೊಳ್ಳುವ ಮೊದಲ ಹಕ್ಕು ಕಂಪನಿಗೇ ಇದೆಯಾ ನೋಡಿ. ಮಾರುವವರದ್ದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ "ಬರೀ ಷೇರು ಕೈ ಬದಲಾಗೋದು, ಒಪ್ಪಿಗೆ ಯಾಕೆ" ಅನ್ನಬಹುದು. ಒಡೆತನ ಬದಲಾದರೂ ಒಪ್ಪಿಗೆ ಬೇಕು ಎಂಬ ಷರತ್ತು ಇದ್ದರೆ ಆ ಮಾತು ನಡೆಯುವುದಿಲ್ಲ.

ನನ್ನ ಸಲಹೆ ಕೇಳಿದರೆ ಕಂಪನಿ, ಮಾರುವವರು, ನೀವು, ಮೂವರೂ ಸಹಿ ಹಾಕುವ ಹೊಸ ಕರಾರನ್ನೇ ಮಾಡಿಸಿ. ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಎಲ್ಲರೂ ಒಪ್ಪಿ ಹಳೆಯದರ ಬದಲು ಹೊಸದು ಮಾಡಿಕೊಂಡರೆ ಹಳೆಯದನ್ನು ಪಾಲಿಸಬೇಕಿಲ್ಲ. ಹಳೇ ರಾಯಲ್ಟಿ (ಹೆಸರು ಬಳಸಲು ಕಂಪನಿಗೆ ಕೊಡುವ ಹಣ) ಬಾಕಿ ಮಾರಿದವರದ್ದು, ಡೆಪಾಸಿಟ್ ಇಂಥವರದ್ದು ಎಂದು ಅದರಲ್ಲೇ ಬರೆಸಿ. ಬಾಕಿ ಇಲ್ಲ ಎಂಬ ಪತ್ರ ಕಂಪನಿಯಿಂದಲೇ ಬರಬೇಕು, ಏರಿಯಾ ಮ್ಯಾನೇಜರ್ ಫೋನಿನಲ್ಲಿ "ಓಕೆ" ಅಂದರೆ ಸಾಲದು.

ಚೌಕಾಸಿ ಮಾಡಬೇಕಾದ್ದು ಇಲ್ಲೇ. ಎಷ್ಟೋ ಸಲ ಕಂಪನಿಗಳು ಇದೇ ಸಮಯ ನೋಡಿ ರಾಯಲ್ಟಿ ಏರಿಸುತ್ತವೆ, ಅಂಗಡಿ ಹೊಸದಾಗಿ ಮಾಡಿಸಿ ಅನ್ನುತ್ತವೆ. ತಿಂಗಳಿಗೆ ಕನಿಷ್ಠ ಇಷ್ಟು ಕೊಡಲೇಬೇಕು ಎಂಬ ಷರತ್ತು ನಮ್ಮ ಕಡೆ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಾರವಾರದ ಬೈತಖೋಲ್ ಬಂದರಿನ ಆಸುಪಾಸು ಆಗ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ, ಗೋಕರ್ಣದಲ್ಲಿ ಮಳೆಗೆ ಪ್ರವಾಸಿಗಳೂ ಕಡಿಮೆ. ಕನಿಷ್ಠ ಮೊತ್ತವನ್ನು ವರ್ಷಕ್ಕೆ ಲೆಕ್ಕ ಹಾಕಿ ಎಂದು ಕೇಳಿ. ಶಿರಸಿಯಲ್ಲಾದರೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜಾತ್ರೆ ವರ್ಷದ ವ್ಯಾಪಾರ ಮಾತ್ರ ತೋರಿಸಿದರೆ ನಂಬಬೇಡಿ, ಹಿಂದಿನ ವರ್ಷದ ಜಿಎಸ್‌ಟಿ ರಿಟರ್ನ್ ಕೂಡ ನೋಡಿ.

ಮಳಿಗೆ ಬಾಡಿಗೆ ಇನ್ನೊಂದು ತಲೆನೋವು. ಫ್ರಾಂಚೈಸಿ ಐದು ವರ್ಷಕ್ಕೆ, ಬಾಡಿಗೆ ಕಾಗದ ಹನ್ನೊಂದು ತಿಂಗಳಿಗೆ, ಅದೂ ಹಳಬರ ಹೆಸರಲ್ಲಿ! ಮಾಲೀಕರ ಜೊತೆ ಮೊದಲೇ ಕೂತು ಮಾತಾಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯದ್ದಾದರೆ ನೋಂದಣಿ ಮಾಡಿಸಲೇಬೇಕು.

ಪರವಾನಗಿಗಳಲ್ಲಿ ತಿನಿಸಿನ ಅಂಗಡಿಯಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಅಂಗಡಿ ಕೊಂಡವರಿಗೆ ವರ್ಗವಾಗುವುದಿಲ್ಲ, ಹೊಸದಾಗಿ ಅರ್ಜಿ ಹಾಕಿ. ನಗರಸಭೆಯ ಪರವಾನಗಿ, ಹೆಸ್ಕಾಂ ಮೀಟರ್ ನಿಮ್ಮ ಹೆಸರಿಗೆ ಆಗಲಿ. ಜಿಎಸ್‌ಟಿಯಲ್ಲಿ ಮಾತ್ರ ಹುಷಾರು: ವ್ಯಾಪಾರ ಕೈ ಬದಲಾದರೆ ಹಳೇ ತೆರಿಗೆ ಬಾಕಿಗೆ ಕೊಂಡವರೂ ಹೊಣೆ, ಕಾಯ್ದೆಯ 85ನೇ ಕಲಂ ಹಾಗೆ ಹೇಳುತ್ತದೆ. ಸಿಎ ಕೈಲಿ ಲೆಕ್ಕ ನೋಡಿಸಿ, ಮೊತ್ತದಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳಿ.

ಅಂಗಡಿ ಮಾರಿದವರೇ ಮರುತಿಂಗಳು ಎದುರು ಬೀದಿಯಲ್ಲಿ ಅದೇ ವ್ಯಾಪಾರ ಶುರು ಮಾಡಬಾರದಲ್ವಾ? ಕರಾರು ಕಾಯ್ದೆಯ 27ನೇ ಕಲಂ ಸಾಮಾನ್ಯವಾಗಿ ಇಂಥ ನಿರ್ಬಂಧ ಒಪ್ಪುವುದಿಲ್ಲ. ಆದರೆ ವ್ಯಾಪಾರದ ಗುಡ್‌ವಿಲ್ (ಅಂಗಡಿ ಗಳಿಸಿದ ಹೆಸರು, ಗಿರಾಕಿಗಳ ನಂಬಿಕೆ) ಮಾರಿದಾಗ, ನ್ಯಾಯವಾದ ಸ್ಥಳಮಿತಿಯೊಳಗೆ, ಒಪ್ಪುತ್ತದೆ. ಆದ್ದರಿಂದ ಮಾರಾಟ ಪತ್ರದಲ್ಲಿ ಗುಡ್‌ವಿಲ್‌ಗೆ ಎಷ್ಟು ಕೊಟ್ಟಿರಿ, ಯಾವ ಊರಿನ ಮಿತಿ ಎಂದು ಬಿಡಿಸಿ ಬರೆಸಿ. ಕೊನೆಯ ಕಂತನ್ನು ಕಂಪನಿಯ ಸಹಿ ಬಿದ್ದ ಕರಾರು ಕೈಗೆ ಬಂದ ಮೇಲೆ, ಇಬ್ಬರೂ ಕೂತು ಸ್ಟಾಕ್ ಎಣಿಸಿದ ದಿನವೇ ಕೊಡಿ.