ಯಾ ತುಯಿ: ಕಾಲು ಸಡಿಲವಾಗಲು ಸರಿ ಕ್ರಮ

ಚೀನೀ ಕುಂಗ್‌ಫೂನಲ್ಲಿ ಒದೆತಕ್ಕೆ ಅಡಿಪಾಯವೇ ಯಾ ತುಯಿ, ಅಂದರೆ ಕಾಲು ಒತ್ತುವುದು. 5–10 ನಿಮಿಷ ಮೆಲ್ಲಗೆ ಓಡಿ ಮೈ ಬಿಸಿಯಾದ ಮೇಲೆ ಸೊಂಟದೆತ್ತರದ ಕಟ್ಟೆಯ ಮೇಲೆ ಹಿಮ್ಮಡಿ ಇಡಿ. ಹೊಸಬರಿಗೆ ಮೊಣಕಾಲೆತ್ತರವೇ ಸಾಕು. ಕಾಲ್ಬೆರಳು ನಿಮ್ಮ ಕಡೆ ಮಡಚಿರಲಿ, ಎರಡೂ ಮಂಡಿ ನೇರವಿರಲಿ.

ಹೆಚ್ಚಿನವರು ತಪ್ಪುವುದು ಸೊಂಟದಲ್ಲಿ. ಎತ್ತಿದ ಕಾಲಿನ ಕಡೆಯ ಸೊಂಟ ಮೇಲೆದ್ದು ಮುಂದೆ ಜಾರುತ್ತದೆ. ಅದನ್ನು ಹಿಂದಕ್ಕೆಳೆದು ಎರಡೂ ಬದಿ ಸಮ ಮಾಡಿ. ಆಮೇಲೆ ಬೆನ್ನು ನೀಳವಾಗಿಟ್ಟು, ಉಸಿರು ಬಿಡುತ್ತಾ ಹೊಟ್ಟೆಯನ್ನು ತೊಡೆಯತ್ತ ತನ್ನಿ. ಹಣೆಯನ್ನು ಮಂಡಿಗೆ ತಾಗಿಸುವ ಹಟ ದಯವಿಟ್ಟು ಬೇಡ: ಬೆನ್ನು ಗೂನಾಗಿ, ತೊಡೆಯ ಹಿಂಭಾಗಕ್ಕೆ ಸಿಗಬೇಕಾದ ಎಳೆತ ಕೆಳಬೆನ್ನಿಗೆ ಹೋಗುತ್ತದೆ. 30 ಸೆಕೆಂಡು ನಿಲ್ಲಿ, ಪ್ರತಿ ಕಾಲಿಗೆ 3 ಸಲ. ಮಂಡಿಯ ಹಿಂದೆ ಚುಚ್ಚಿದರೆ ಎತ್ತರ ಇಳಿಸಿ. ಒತ್ತುವುದು ಮುಗಿದ ಕೂಡಲೇ ಝೆಂಗ್ ತಿ ತುಯಿ, ಅಂದರೆ ನೇರ ಕಾಲು ಬೀಸುವ ಒದೆತ, 10 ಸಲ ಮಾಡಿ.