ಕನ್ನಡಿ ಇಲ್ಲದೆ ರೋಬೋಟ್ ಡ್ಯಾನ್ಸ್: ನನ್ನ ಅನುಭವ

ಕನ್ನಡಿ ಇಲ್ಲದೆ ರೋಬೋಟ್ ಡ್ಯಾನ್ಸ್‌ನ ಐಸೊಲೇಷನ್ (ಒಂದು ಅಂಗವನ್ನಷ್ಟೇ ಆಡಿಸಿ ಉಳಿದದ್ದನ್ನು ಅಲುಗಿಸದಿರುವುದು) ಕೂರಲ್ಲ ಅಂತ ಶಿವಮೊಗ್ಗದಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಈಗ ಅವರೇ ‘ಸ್ಟಾಪ್ ಹೆಂಗೆ ಹೊಡಿತೀಯ ಮಾರಾಯ?’ ಅಂತ ಕೇಳ್ತಾರೆ. ಸ್ಟಾಪ್ ಅಂದರೆ ಚಲನೆಯನ್ನು ಗಕ್ಕನೆ ನಿಲ್ಲಿಸುವುದು. ಗೋಡೆ, ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನುವ ಸಾಧನ), ಒಂದು ದಾರ. ಇಷ್ಟೇ ಸಾಮಾನು.

ಕನ್ನಡಿ ಮುಂದೆ ನಿಂತರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ತಲೆ ತಿರುಗಿಸಿದರೂ ನೋಟ ತಿರುಗಲ್ಲ, ರೋಬೋಟ್ ಅಲ್ಲೇ ಸತ್ತಿತು. ಮೂರಡಿ ಕನ್ನಡಿಗೆ ಸುಮಾರು ಎರಡು ಸಾವಿರ ಸುರಿದದ್ದು ದಂಡ. ಈಗ ಮನೆಯವರು ತಲೆ ಬಾಚಿಕೊಳ್ಳುತ್ತಾರೆ.

ಗೋಡೆಯಿಂದ ನಾಲ್ಕು ಇಂಚು ಮುಂದೆ ಹಿಮ್ಮಡಿ ಇಟ್ಟು, ಬೆನ್ನು, ತಲೆ ಎರಡನ್ನೂ ತಾಗಿಸಿ ನಿಲ್ಲಿ. ಮಂಡಿ ಸ್ವಲ್ಪ ಸಡಿಲವಿರಲಿ, ಬಿಗಿದು ನಿಂತರೆ ಸೊಂಟ ಹಿಡಿಯುತ್ತದೆ. ಮೆಟ್ರೊನೋಮ್ ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಒಂದು ಬೀಟ್‌ಗೆ ಚಲನೆ, ಮುಂದಿನ ಬೀಟ್ ಪೂರ್ತಿ ನಿಶ್ಚಲ. ಮೊದಲು ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು. ಮೊಣಕೈ ಸರದಿಯಲ್ಲಿ ಭುಜ ಎದ್ದರೆ ಅಂಗಿ ಗೋಡೆಗೆ ಉಜ್ಜುತ್ತದೆ, ಬೆನ್ನಿಗೇ ಗೊತ್ತಾಗುತ್ತದೆ. ಇದು ಶುದ್ಧವಾಗದೆ 70ಕ್ಕೆ ಏರಿಸಬೇಡಿ. 100ರ ಆಸುಪಾಸಿಗೆ ಬಂದರೆ ಹಾಡಿಗೆ ಇಳಿಯಬಹುದು.

ಸ್ಟಾಪ್ ನಡುಗುವುದೇ ದೊಡ್ಡ ತಲೆನೋವು. ಕೈಯನ್ನು ದಾರಿಯುದ್ದಕ್ಕೂ ಬಿಗಿ ಹಿಡಿದರೆ ಕೊನೆಗೆ ಬ್ರೇಕ್ ಹಾಕಲು ಬಿಗಿ ಉಳಿಯಲ್ಲ. ಸಡಿಲವಾಗಿ, ಒಂದೇ ವೇಗದಲ್ಲಿ ಸಾಗಿಸಿ. ನಿಲ್ಲುವ ಕ್ಷಣಕ್ಕೆ ರಟ್ಟೆಯ ಮುಂದಿನ, ಹಿಂದಿನ ಸ್ನಾಯು ಒಟ್ಟಿಗೆ ಹಿಡಿದು, ತಕ್ಷಣ ಬಿಡಿ. ನಿಲ್ಲುವ ಮುಂಚೆ ವೇಗ ಇಳಿಸಿದಿರೋ, ಅದು ಮನುಷ್ಯನ ಕೈ. ಅಮೆರಿಕದ ಫ್ರೆಸ್ನೊದ ಡ್ಯಾನ್ಸರ್ ಬೂಗಲೂ ಸ್ಯಾಮ್ 1970ರ ದಶಕದಲ್ಲಿ ಬೆಳೆಸಿದ ಪಾಪಿಂಗ್ ಎಂಬ ಡ್ಯಾನ್ಸ್‌ನಲ್ಲಿ ಸ್ನಾಯು ಕುಲುಕುವ ಹಿಟ್ ಬೇಕು, ರೋಬೋಟ್‌ಗೆ ಬೇಡ. ಹೊಸಬರು ಎರಡನ್ನೂ ಕಲಸಿ ಕೂರುತ್ತಾರೆ.

ಮೊಣಕೈ ಒಂದೇ ಜಾಗದಲ್ಲಿ ನಿಲ್ಲಲು ಜಂತಿಯಿಂದ ದಾರ ಇಳಿಬಿಟ್ಟು ತುದಿಗೆ ನಟ್ ಕಟ್ಟಿದೆ. ಮೊಣಕೈ ದಾರಕ್ಕೆ ತಾಗಿಸಿ ಮುಂಗೈಯನ್ನಷ್ಟೇ ತಿರುಗಿಸಬೇಕು. ನಟ್ ತೂಗಿದರೆ ಮೊಣಕೈ ಸರಿದಿದೆ. ಖರ್ಚು ಹತ್ತು ರೂಪಾಯಿಯೂ ಇಲ್ಲ. ಅಂಗೈ ಮೇಲೆ ನೀರಿನ ಲೋಟ ಇಟ್ಟೂ ನೋಡಿದೆ, ಉಲ್ಟಾ ಹೊಡೆಯಿತು: ನೀರು ಚೆಲ್ಲಬಾರದೆಂದು ಕೈ ತಾನಾಗೇ ಮೆತ್ತಗೆ ನಿಲ್ಲಲು ಕಲಿತುಬಿಡುತ್ತದೆ. ಡೊಳ್ಳಿನ ರೆಕಾರ್ಡಿಂಗ್ ಹಾಕಿ ಪೆಟ್ಟು ಬಿದ್ದಾಗ ಚಲನೆ, ನಡುವೆ ನಿಶ್ಚಲ ಅಂತ ಮಾಡಿದ್ದು ಭಾರಿ ಮಜಾ, ಆದರೆ ಹೋಗ್ತಾ ಹೋಗ್ತಾ ಲಯ ಏರುವುದರಿಂದ ಶುರುವಿನವರಿಗಲ್ಲ.

ವಾರಕ್ಕೊಮ್ಮೆ ಫೋನ್‌ನಲ್ಲಿ ಸ್ಲೋಮೋಷನ್ ತೆಗೆದು ಕೈಯನ್ನಲ್ಲ, ಎದೆಯನ್ನು ನೋಡಿ. ಉಸಿರಿಗೆ ಭುಜ ಏಳುತ್ತಿದ್ದರೆ ಹೊಟ್ಟೆಯಿಂದ ಉಸಿರಾಡಿ. ರೆಪ್ಪೆ ಬಡಿಯುವುದು ಸ್ಟಾಪ್ ಮೇಲೆ ಮಾತ್ರ. ಕುತ್ತಿಗೆಯದ್ದೊಂದು ಕಸರತ್ತಿದೆ, ಗಣಪತಿ ಪೆಂಡಾಲಿನ ಸ್ಪರ್ಧೆ ಮುಗಿಯುವವರೆಗೆ ಅದನ್ನು ಬಿಟ್ಟುಕೊಡಲ್ಲ.

ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಸಾಕ್ಸ್ ಒದ್ದೆಯಾದರೆ ಜಾರಲ್ಲ, ಹಿಡಿಯುತ್ತದೆ, ತಿರುಗುವಾಗ ಪೆಟ್ಟು ಮಂಡಿಗೆ. ಅಡಿ ಸವೆದ ಹಳೇ ಕ್ಯಾನ್ವಾಸ್ ಶೂ ಸಾಕು, ಒಣಬಟ್ಟೆಯಲ್ಲಿ ನೆಲ ಒರೆಸಿ ನಿಲ್ಲಿ. ಸಿಲ್ವರ್ ಪೇಂಟ್‌ಗೆ ನಾನ್ನೂರೈನೂರು ಕೊಡಬೇಡಿ, ಬೆವರಿಗೆ ಕಿತ್ತು ಬರುತ್ತದೆ. ನಲವತ್ತು ರೂಪಾಯಿಯ ಬಿಳಿ ಗ್ಲೌಸ್ ಹಾಕಿದರೆ ಹಿಂದಿನ ಸಾಲಿಗೂ ಬೆರಳ ಸ್ಟಾಪ್ ಕಾಣುತ್ತದೆ.