ಹಾಲು ಅಂದಿದ್ದು, ಪಾಲು ಅಂತ ಕೇಳಿಸಿದ್ದು

ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ನಾನು ಮದುವೆಯಾಗಿ ಹಾಸನದಲ್ಲಿದ್ದೇನೆ, ಹೈಸ್ಕೂಲಲ್ಲಿ ಪಾಠ ಮಾಡುತ್ತೇನೆ. ಏನೇ ಕೆಲಸವಿದ್ದರೂ ಗೌರಿ ಹಬ್ಬಕ್ಕೆ ತವರಿಗೆ ಹೋಗಲೇಬೇಕು. ಎರಡು ವರ್ಷದ ಹಿಂದೆ ಹೋದಾಗ ಜಡಿ ಮಳೆ. ಊಟಕ್ಕೆ ಎಲೆ ಹಾಕಿದ್ದು ಹಿತ್ತಿಲ ಕಡೆ, ಶೀಟು ಹೊದಿಸಿದ ಜಾಗದಲ್ಲಿ. ಶೀಟಿನ ಮೇಲೆ ಮಳೆ ಹೊಡೆದರೆ ಎಂಥ ಸದ್ದು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅದರ ಜೊತೆ ಒಳಗೆ ಟಿವಿ, ಅಡುಗೆಮನೆಯಲ್ಲಿ ಮಿಕ್ಸಿ, ಮಕ್ಕಳ ಕಿರುಚಾಟ. ಒತ್ತು ಶ್ಯಾವಿಗೆಗೆ ಕಾಯಿಹಾಲು ಬಡಿಸುತ್ತಾ ಬಂದ ಚಿಕ್ಕಪ್ಪ, "ಅಣ್ಣಯ್ಯ, ಹಾಲು ಬೇಕಾ?" ಅಂದರು.

ಅಪ್ಪ ತಲೆ ಎತ್ತಿದರು. ಮುಖ ಕೆಂಪಾಗಿತ್ತು.

"ಪಾಲು ಬೇಕಾ ಅಂತೀಯಾ? ಹಬ್ಬದ ದಿನ, ಎಲೆ ಮುಂದೆ ಕೂರಿಸಿ ಪಾಲಿನ ಮಾತಾ?"

ಅಣ್ಣತಮ್ಮಂದಿರ ತೋಟ ಇನ್ನೂ ಒಟ್ಟಿಗಿರುವ ಮನೆಯಲ್ಲಿ ಪಾಲು ಅನ್ನೋ ಪದ ಸುಮ್ಸುಮ್ನೆ ಬಾಯಿಗೆ ಬರೋದಲ್ಲ. ಚಿಕ್ಕಪ್ಪ ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಹುಡುಗರ ಸಾಲಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ನಾಚಿಕೆ. "ಅಪ್ಪ, ಹಾಲು ಅಂದಿದ್ದು! ನಿಂಗೆ ಕಿವಿ ಕೇಳಲ್ಲ, ಡಾಕ್ಟರ ಹತ್ರ ಹೋಗೋಣ ಅಂದ್ರೆ ಬರಲ್ಲ" ಅಂತ, ಕ್ಲಾಸಲ್ಲಿ ಕೂಗೋ ದನಿಯಲ್ಲೇ ಕೂಗಿದೆ. ಅಳಿಯಂದಿರೆಲ್ಲ ಎದುರಿಗೇ ಕೂತಿದ್ದರು. ಅಪ್ಪ ಎಲೆ ಮಡಚಿ ಎದ್ದು, ಮಳೆಯಲ್ಲೇ ತೋಟಕ್ಕೆ ಹೋದರು.

ಆಮೇಲೆ ನಾಲ್ಕು ತಿಂಗಳು ಆ ಮಾತೇ ಎತ್ತಲಿಲ್ಲ. ಸಂಕ್ರಾಂತಿ ರಜೆಗೆ ಹೋದಾಗ ಕೊಯ್ಲು ನಡೀತಿತ್ತು. ಬೆಳಗ್ಗೆ ಅಪ್ಪ ಒಬ್ಬರೇ ಕಣದಲ್ಲಿ ಕಾಫಿ ಹಣ್ಣು ಕೆದಕುತ್ತಿದ್ದರು. ಆಳುಗಳು ಇನ್ನೂ ಬಂದಿರಲಿಲ್ಲ, ಸದ್ದಿಲ್ಲ. ಎದುರಿಗೆ ನಿಂತು, ಕೂಗದೆ, "ಗೌರಿ ಹಬ್ಬದಲ್ಲಿ ನನ್ನದು ತಪ್ಪಾಯ್ತು ಅಪ್ಪ" ಅಂದೆ. ಅವರು ಕೆದಕುತ್ತಲೇ ಇದ್ದರು. ಕಿವಿ ಅನ್ನೋ ಪದ ಬಾಯಿಗೆ ಬಂದಿದ್ದನ್ನ ನುಂಗಿಕೊಂಡು, "ಎಲ್ಲರೂ ಸೇರಿದಾಗ ನಿಂಗೆ ಯಾವುದು ಜಾಸ್ತಿ ಕಷ್ಟ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ದನಿ ಕೇಳುತ್ತೆ ಕಣವ್ವ. ಏನಂದ್ರು ಅಂತ ಗೊತ್ತಾಗಲ್ಲ. ಏನು ಅಂತ ಎರಡು ಸಲ ಕೇಳಿದ್ರೆ ಏನಿಲ್ಲ ಬಿಡು ಅಂತೀರಿ. ಅದೊಂದು ಮಾತ್ರ ಚೆನ್ನಾಗಿ ಕೇಳುತ್ತೆ."

ಏನಿಲ್ಲ ಬಿಡು ಅನ್ನೋರಲ್ಲಿ ನಾನೇ ಮೊದಲು.

ಇನ್ನೊಂದು ವಿಷಯವೂ ಅವತ್ತೇ ಹೊರಬಂತು. ನನ್ನ ಮಗಳಿಗೆ ಆಗ ಐದು ವರ್ಷ. ತಾತ ತನ್ನ ಜೊತೆ ಮಾತಾಡಲ್ಲ ಅಂತ ಅವಳ ದೂರು. ಆ ಮಗುವಿಗೆ ನಾನು ಇಷ್ಟ ಇಲ್ಲ ಅಂತ ಅಪ್ಪನ ನಂಬಿಕೆ. ಅವಳ ಸಣ್ಣ ದನಿ ಇವರಿಗೆ ತಲುಪುತ್ತಲೇ ಇರಲಿಲ್ಲ, ಅಷ್ಟೇ. ಡಾಕ್ಟರ ಹತ್ತಿರ ಬರಲು ಅಪ್ಪ ಒಪ್ಪಿದ್ದು ಇದಕ್ಕೇ, ನನ್ನ ಉಪದೇಶಕ್ಕಲ್ಲ. 60 ದಾಟಿದವರಲ್ಲಿ ನಾಲ್ಕಕ್ಕೊಬ್ಬರಿಗಿಂತ ಜಾಸ್ತಿ ಜನಕ್ಕೆ ಹೀಗೆ ತೊಂದರೆ ಕೊಡುವಷ್ಟು ಕಿವಿ ಮಂದವಾಗಿರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳಿದೆ. ಅಪ್ಪ ಕಣದಲ್ಲೇ ನಿಂತು ಊರಲ್ಲಿ ಯಾರ್ಯಾರು ಅಂತ ಬೆರಳು ಮಡಚಿ ಎಣಿಸತೊಡಗಿದರು. ಏಳು ಜನ ಸಿಕ್ಕರು. ಅದರಲ್ಲಿ ಇಬ್ಬರು ಇವರ ಇಸ್ಪೀಟಿನ ಜೊತೆಗಾರರು.

ಮೊದಲು ಹಾಸನದಲ್ಲೇ ಕಿವಿ ಡಾಕ್ಟರಿಗೆ ತೋರಿಸಿದೆವು. ಗುಗ್ಗೆ ತೆಗೆದರು, ಸ್ವಲ್ಪ ಹಗುರಾಯಿತು, ಅಷ್ಟೇ. ಮುಂದೆ ಮೈಸೂರಿನ ಮಾನಸಗಂಗೋತ್ರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಲ್ಲಿ ಶುರುವಾದ ಸಂಸ್ಥೆ, ನಮ್ಮ ಕಡೆಯವರು ಸ್ಪೀಚ್ ಅಂಡ್ ಹಿಯರಿಂಗ್ ಅಂತಲೇ ಕರೆಯೋದು. ಸದ್ದು ಬರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ತಿಳಿಸಿ ಅಂದರು. ಆಮೇಲೆ ಗ್ರಾಫ್ ಕೈಗೆ ಬಂತು. ಎಡಗಡೆ, ಅಂದರೆ ದಪ್ಪ ದನಿಗಳ ಕಡೆ, ಗೆರೆ ನೆಟ್ಟಗೇ ಇತ್ತು. ಬಲಗಡೆ ಹೋದ ಹಾಗೆ ಘಾಟಿ ರಸ್ತೆ ಇಳಿದ ಹಾಗೆ ಇಳಿದಿತ್ತು. ಸ್ವರಗಳು ಇರೋದು ದಪ್ಪ ದನಿಯಲ್ಲಿ, ಅವು ಕೇಳುತ್ತವೆ. ಸ, ಶ, ಹ, ಪ, ತ ಇಂಥವೆಲ್ಲ ಸಣ್ಣಗೆ, ತೀಕ್ಷ್ಣವಾಗಿ ಹೊರಡುವ ಸದ್ದು, ಅವು ಮೊದಲು ಹೋಗುತ್ತವಂತೆ. ಹಾಲು, ಪಾಲು, ಸಾಲು, ಕಾಲು: ಮೊದಲಕ್ಷರದ ತಲೆ ಹಾರಿಸಿದರೆ ಎಲ್ಲವೂ ಆಲು! ಮಳೆ, ಮಿಕ್ಸಿಯ ನಡುವೆ ಅವರು ಮಿಕ್ಕಿದ್ದನ್ನ ಊಹಿಸಬೇಕು. ಒಟ್ಟು ಮನೆಯ ಯಜಮಾನನಿಗೆ ಮೊದಲು ಹೊಳೆಯೋದು ಪಾಲೇ ಅಲ್ವಾ?

ಎಡ ಕಿವಿ ಬಲಕ್ಕಿಂತ ಜಾಸ್ತಿ ಕೆಟ್ಟಿತ್ತು. ಪರೀಕ್ಷೆ ಮಾಡಿದ ಹುಡುಗಿ, "ಕೋವಿ ಹೊಡೀತಿದ್ರಾ?" ಅಂತ ಕೇಳಿದಳು. ಅಪ್ಪ ಬೆರಗಾದರು. ಹಂದಿ, ಮಂಗ ಓಡಿಸೋಕೆ ನಲವತ್ತು ವರ್ಷ ಕೋವಿ ಹಿಡಿದವರು. ಬಲ ಹೆಗಲಿಗೆ ಕೋವಿ ಆನಿಸಿದರೆ ನಳಿಗೆಯ ಬಾಯಿಗೆ ಹತ್ತಿರವಾಗೋದು ಎಡ ಕಿವಿ. ಒಂದು ಈಡಿನ ಸದ್ದು 140 ಡೆಸಿಬಲ್ ದಾಟುತ್ತೆ. ದಿನಕ್ಕೆ ಎಂಟು ಗಂಟೆ 85 ದಾಟಿದ ಸದ್ದಲ್ಲಿದ್ದರೇ ಕಿವಿಗೆ ಏಟು ಅಂತಾರೆ. ಇವರದು ಮೇಲಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಷೀನು, ಕಳೆ ಕತ್ತರಿಸೋ ವೀಡ್ ಕಟರು ಬೇರೆ. ವಾಪಸ್ ಬರುವಾಗ ಹೊಳೆನರಸೀಪುರದ ತನಕ ಅದೇ ಮಾತು. "ವಯಸ್ಸಾಗಿ ಕೆಟ್ಟಿದ್ದಲ್ಲ, ಕೋವಿ ಹೊಡೆದು ಕೆಟ್ಟಿದ್ದು!" ಪೂರ್ತಿ ನಿಜವಲ್ಲ, 71ರ ವಯಸ್ಸಿನ ಪಾಲೂ ಇದ್ದೇ ಇದೆ. ನಾನು ತಿದ್ದಲು ಹೋಗಲಿಲ್ಲ. ಮುದಿಯ ಅನ್ನಿಸಿಕೊಳ್ಳೋದಕ್ಕೂ ಶಿಕಾರಿಯವನು ಅನ್ನಿಸಿಕೊಳ್ಳೋದಕ್ಕೂ ವ್ಯತ್ಯಾಸ ಇದೆ.

ಕಿವಿ ಕೇಳಿಸಲು ಹಾಕುವ ಮಷೀನಿನ ಬೆಲೆ ಕೇಳಿ "ಒಂದು ಎಮ್ಮೆ ಬರ್ತಿತ್ತು" ಅಂದರು. ಆದರೂ ಎರಡೂ ಕಿವಿಗೆ ಹಾಕಿಸಿಕೊಂಡರು. ಮೊದಲ ವಾರ ಪೇಪರ್ ಮಡಚಿದರೂ ಬೈಗುಳ, ತಟ್ಟೆ ಸದ್ದಿಗೂ ಬೈಗುಳ. ಎಷ್ಟೋ ವರ್ಷ ಕೇಳದೆ ಇದ್ದ ಸದ್ದಿಗೆ ಮಿದುಳು ಒಗ್ಗಲು ವಾರಗಟ್ಟಲೆ ಬೇಕು ಅಂತ ಮೈಸೂರಲ್ಲಿ ಮೊದಲೇ ಹೇಳಿದ್ದರು, ಹಾಗಾಗಿ ತಡೆದುಕೊಂಡೆವು. ನಮ್ಮ ಮಳೆಗಾಲದ ಥಂಡಿ ಈ ಮಷೀನಿಗೆ ಆಗಿಬರಲ್ಲ. ರಾತ್ರಿ ಬಿಚ್ಚಿ, ತೇವ ಹೀರುವ ಸಿಲಿಕಾ ಹರಳಿರುವ ಡಬ್ಬಿಯಲ್ಲಿ ಇಡಬೇಕು. ಆ ಕೆಲಸ ಮಗಳು ವಹಿಸಿಕೊಂಡಿದ್ದಾಳೆ, ಊರಿಗೆ ಹೋದಾಗ. ಉಳಿದ ದಿನ ಅಮ್ಮ.

ಆದರೆ ಮನೆ ತುಂಬ ಜನ ಸೇರಿದಾಗ ಮಷೀನು ಒಂದೇ ಸಾಲದು. ಹತ್ತಿರದ ಮಾತಿನ ಜೊತೆ ಹಿಂದಿನ ಗಲಾಟೆಯನ್ನೂ ಅದು ದೊಡ್ಡದು ಮಾಡುತ್ತೆ. ಹಾಗಾಗಿ ಹೋದ ವರ್ಷದ ಗೌರಿ ಹಬ್ಬಕ್ಕೆ ನಾನು ಒಂದು ದಿನ ಮೊದಲೇ ಹೋಗಿ ಉಳಿದವರ ಹತ್ತಿರ ಮಾತಾಡಿದೆ. ಅದೇ ಜಾಸ್ತಿ ಕಷ್ಟದ ಕೆಲಸ. "ಅಣ್ಣಯ್ಯಂಗೆ ಬೇಕಾದ್ದು ಮಾತ್ರ ಕೇಳುತ್ತೆ" ಅಂತ ಚಿಕ್ಕಪ್ಪನಿಗೆ ಇನ್ನೂ ಅನುಮಾನ. ಗ್ರಾಫ್ ತೋರಿಸಿ, ಹಾಲು ಪಾಲಾದದ್ದು ಹೇಗೆ ಅಂತ ವಿವರಿಸಿದ ಮೇಲೆ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

ಊಟದ ಜಾಗವನ್ನ ಶೀಟಿನ ಕೆಳಗಿಂದ ಹೆಂಚಿನ ನಡುಮನೆಗೆ ತಂದೆವು. ಟಿವಿ ಬಂದ್. ಪಂಕ್ತಿ ಊಟದಲ್ಲಿ ಒಂದು ತೊಂದರೆ ಇದೆ, ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ: ಪಕ್ಕದವರ ತುಟಿ ಕಾಣೋದಿಲ್ಲ. ಅಪ್ಪನನ್ನ ಸಾಲಿನ ಎಡ ತುದಿಗೆ ಕೂರಿಸಿದೆವು, ಎಲ್ಲರೂ ಅವರ ಒಳ್ಳೆ ಕಿವಿಯ ಕಡೆಗೇ ಬಂದರು. ಮೊಮ್ಮಗಳ ಎಲೆ ಎದುರು ಸಾಲಲ್ಲಿ, ಅವರ ಮುಖದ ನೇರಕ್ಕೆ. ಬಡಿಸುವವರು ಬೆನ್ನ ಹಿಂದಿಂದ ಮಾತಾಡಬಾರದು, ಭುಜ ಮುಟ್ಟಿ, ಎದುರು ಬಂದು ಕೇಳಬೇಕು. ಅರ್ಥ ಆಗದಿದ್ದರೆ ಅದೇ ಪದ ಕಿರುಚೋದಲ್ಲ, ಬೇರೆ ಪದ ಹಾಕಿ ಹೇಳಬೇಕು. ಕಿರುಚಿದರೆ ಸ್ವರ ದೊಡ್ಡದಾಗುತ್ತೆ ಹೊರತು ಪ, ಹ ಸ್ಪಷ್ಟವಾಗಲ್ಲ. ಇಪ್ಪತ್ತು ವರ್ಷ ಕ್ಲಾಸಲ್ಲಿ ಕೂಗಿದ ನನಗೆ ಇದು ಇನ್ನೂ ಪೂರ್ತಿ ರೂಢಿಯಾಗಿಲ್ಲ.

ಚಿಕ್ಕಪ್ಪ ಭುಜ ಮುಟ್ಟಿ, "ಅಣ್ಣಯ್ಯ, ಶ್ಯಾವಿಗೆಗೆ ಕಾಯಿಹಾಲು" ಅಂತ ಪಾತ್ರೆಯನ್ನೇ ಎದುರು ಹಿಡಿದರು. ಅಪ್ಪ ಹಾಕಿಸಿಕೊಂಡರು. ಈಗ ಮನೆಯ ಹುಡುಗರು ಕಾಯಿಹಾಲಿಗೆ ಪಾಲು ಅಂತಲೇ ಹೆಸರಿಟ್ಟಿದ್ದಾರೆ. ನನಗೆ ಅದು ಹಿಡಿಸಲ್ಲ, ಅಪ್ಪ ಮಾತ್ರ ನಗುತ್ತಾರೆ.

ಊಟ ಆಗಿ ಅರ್ಧ ಗಂಟೆಗೆ ಅಪ್ಪ ಎರಡೂ ಮಷೀನು ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು, "ಸಾಕು, ತಲೆ ಚಿಟ್ಟು ಹಿಡೀತು" ಅಂತ ಜಗಲಿಗೆ ಹೋಗಿ ಮಲಗಿದರು. ಮೊದಲಾಗಿದ್ದರೆ ಕೋಪ ಮಾಡಿಕೊಂಡರು ಅನ್ನುತ್ತಿದ್ದೆವು. ಬರುವ ತಿಂಗಳು ಹಾಸನದ ಚೌಲ್ಟ್ರಿಯಲ್ಲಿ ಚಿಕ್ಕಪ್ಪನ ಮಗನ ಮದುವೆ. ವಾಲಗ, ಮೈಕು, ಸಾವಿರ ಜನ. ಧಾರೆ ಮುಗಿಯೋವರೆಗೆ ಮಷೀನು ಜೇಬಲ್ಲೇ ಇರಲಿ, ಆಮೇಲೆ ಊಟದ ಹಾಲಿನ ಗೋಡೆ ಪಕ್ಕ ಕೂರೋಣ ಅಂತ ಈಗಲೇ ಮಾತಾಗಿದೆ. ಹಾಲು ಅಂದರೆ ಯಾವ ಹಾಲು ಅಂತ ಅಪ್ಪ ಕೇಳಿದರು.